ಕೋಲಾರದಲ್ಲಿ ರಾತ್ರಿ ತಂಗುವವರು

ಕೋಲಾರ ಜಿಲ್ಲೆಯ ಪ್ರವಾಸೋದ್ಯಮದ ಬಗ್ಗೆ ಎಲ್ಲಿ ಮಾತು ಬಂದರೂ ಒಂದು ತೀರ್ಪು ಮೊದಲೇ ಸಿದ್ಧವಾಗಿರುತ್ತದೆ: ಇದು ‘ಒನ್ ಡೇ ಟ್ರಿಪ್’ ಜಿಲ್ಲೆ. ಬೆಳಿಗ್ಗೆ ಬೆಂಗಳೂರು ಬಿಟ್ಟು ಅಂತರಗಂಗೆ, ಕೋಲಾರಮ್ಮ, ಆವಣಿ, ಕುರುಡುಮಲೆ ನೋಡಿಕೊಂಡು, ದಾರಿಯಲ್ಲಿ ಮುಳಬಾಗಿಲು ದೋಸೆ ತಿಂದು, ರಾತ್ರಿ ಊಟಕ್ಕೆ ಮನೆ ಸೇರಬಹುದು. ಜನ ಬರುತ್ತಾರೆ, ತಂಗುವುದಿಲ್ಲ. ಆದ್ದರಿಂದ ರೆಸಾರ್ಟ್ ಬರಬೇಕು, ಹೋಂಸ್ಟೇ ಬರಬೇಕು, ‘ಬೆಡ್ ನೈಟ್’ ಹೆಚ್ಚಬೇಕು ಎನ್ನುತ್ತಾರೆ. ಉದ್ಯಮದವರು ಹೇಳಿದ ಈ ಮಾತನ್ನು ಈಗ ಜಿಲ್ಲೆಯ ವಿದ್ಯಾವಂತರೂ ನಂಬಿಬಿಟ್ಟಿದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ಕೋಲಾರದಲ್ಲಿ ತಂಗುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಅವರನ್ನು ಯಾರೂ ಎಣಿಸಿಲ್ಲ, ಅಷ್ಟೆ.

ಈ ಅಳತೆಗೋಲಿಗೂ ಒಂದು ಚರಿತ್ರೆಯಿದೆ. 1963ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಸಮ್ಮೇಳನ ದೇಶದಿಂದ ದೇಶಕ್ಕೆ ಹೋಗುವವರನ್ನು ಎರಡು ಪಾಲು ಮಾಡಿತು. ಕನಿಷ್ಠ 24 ಗಂಟೆ ಉಳಿದರೆ ‘ಟೂರಿಸ್ಟ್’, ಅದಕ್ಕಿಂತ ಕಡಿಮೆಯಾದರೆ ‘ಎಕ್ಸ್‌ಕರ್ಷನಿಸ್ಟ್’. ಗಡಿ ದಾಟುವವರ ಲೆಕ್ಕಕ್ಕೆ ಹುಟ್ಟಿದ ಈ ಭೇದವೇ ಮುಂದೆ ದೇಶದೊಳಗಿನ ಓಡಾಟಕ್ಕೂ ಬಂತು. ನಮ್ಮ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ವ್ಯಾಖ್ಯೆ ಒಂದು ವಿಷಯದಲ್ಲಿ ಉದಾರವಾಗಿದೆ: ಹೋಟೆಲಿನ ಜೊತೆಗೆ ಧರ್ಮಶಾಲೆ, ಸರಾಯಿ, ಮುಸಾಫಿರ್‌ಖಾನೆ, ಛತ್ರಗಳಲ್ಲಿ ಉಳಿಯುವವರನ್ನೂ ಅದು ಪ್ರವಾಸಿಗಳೆಂದೇ ಒಪ್ಪುತ್ತದೆ. ಆದರೆ ರಜೆಗೆಂದೋ ದೇವರ ಕಾರ್ಯಕ್ಕೆಂದೋ ಹುಟ್ಟೂರಿಗೆ ಬಂದು, ಸ್ವಂತ ಮನೆಯಲ್ಲಿ ಇಲ್ಲವೇ ನೆಂಟರ ಮನೆಯಲ್ಲಿ ಉಳಿದು, ಪ್ರೇಕ್ಷಣೀಯ ಸ್ಥಳಗಳತ್ತ ಹೋಗದವರನ್ನು ಹೊರಗಿಡುತ್ತದೆ. ಛತ್ರ ವ್ಯಾಖ್ಯೆಯಲ್ಲಿದ್ದರೂ ಎಣಿಕೆ ಸುಲಭವಾಗುವುದು ರಿಜಿಸ್ಟರ್ ಇರುವ ಕಡೆಯಲ್ಲಿ, ಅಂದರೆ ಲಾಡ್ಜು ಹೋಟೆಲುಗಳಲ್ಲಿ. ಮಾವಿನ ತೋಪಿನಲ್ಲಿ ಮಲಗಿದವನಿಗೆ ಯಾವ ರಿಜಿಸ್ಟರ್?

ಶಿವರಾತ್ರಿಯ ಹೊತ್ತಿಗೆ ಆವಣಿಗೆ ಹೋಗಿ ನೋಡಿ. ಮುಳಬಾಗಿಲು ತಾಲ್ಲೂಕಿನ ಈ ಊರಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ದೇಗುಲಗಳ ಗುಂಪಿದೆ. ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನಲ್ಲಿ ಬೇರೆ ಬೇರೆ ಗುಡಿಗಳಿವೆ. ಬೆಟ್ಟದ ಮೇಲೆ ಸೀತಮ್ಮನಿದ್ದಾಳೆ, ವಾಲ್ಮೀಕಿ ಆಶ್ರಮವಿದ್ದದ್ದು ಇಲ್ಲೇ ಎಂಬ ನಂಬಿಕೆಯಿದೆ. ಟ್ರಾವೆಲ್ಸ್‌ನವರ ಪಟ್ಟಿಯಲ್ಲಿ ಇದು ‘ಹೆರಿಟೇಜ್ ಸ್ಟಾಪ್’, ಅಂದರೆ ಸ್ವಲ್ಪ ಹೊತ್ತು ಇಳಿದು ಹತ್ತುವ ಜಾಗ. ಅದೇ ಆವಣಿಯ ದನದ ಜಾತ್ರೆಗೆ ಬಂದ ರೈತ ಎತ್ತಿನ ಜೋಡಿಯನ್ನು ಗೂಟಕ್ಕೆ ಕಟ್ಟಿ, ಟಾರ್ಪಾಲು ಎಳೆದು, ಮೂರು ಕಲ್ಲಿಟ್ಟು ಒಲೆ ಹೂಡಿ ಕೂತುಬಿಡುತ್ತಾನೆ. ಕೊಳ್ಳುವವನು ಎತ್ತಿನ ಬಾಯಿ ಬಿಡಿಸಿ ಎರಡಲ್ಲೋ ನಾಲ್ಕಲ್ಲೋ ಬಾಯಿಗೂಡಿದ್ದೋ ನೋಡುತ್ತಾನೆ. ದಲ್ಲಾಳಿ ಟವೆಲಿನ ಕೆಳಗೆ ಇಬ್ಬರ ಬೆರಳು ಹಿಡಿದು ಬೆಲೆ ಕೇಳುತ್ತಾನೆ. ಜೊತೆಗೆ ಮೇವು, ಹಗ್ಗ, ಗೆಜ್ಜೆ, ಪುರಿ, ಖಾರ, ಬೆಂಡು ಬತ್ತಾಸಿನ ವ್ಯಾಪಾರವಿರುತ್ತದೆ. ಎತ್ತು ಮಾರುವವರೆಗೆ, ಇಲ್ಲವೇ ತೇರು ಎಳೆಯುವವರೆಗೆ ಅವನು ಅಲ್ಲಿಯೇ ಇರುತ್ತಾನೆ. ಆ ರಾತ್ರಿಗಳೂ ರಾತ್ರಿಗಳೇ, ಖರ್ಚಾಗುವ ದುಡ್ಡೂ ದುಡ್ಡೇ. ಅದು ಆ ಊರಿನವರ ಕೈಗೇ ಸೇರುತ್ತದೆ, ನಡುವೆ ಕಮಿಷನ್ ಹಿಡಿಯುವ ಏಜೆಂಟ್ ಇರುವುದಿಲ್ಲ.

ಮುಳಬಾಗಿಲಿನ ಕಥೆ ಇನ್ನೂ ಹಳೆಯದು. ಮೂಡಣ ಬಾಗಿಲಾದ ಈ ಊರನ್ನು ದಾಟಿಯೇ ತಿರುಪತಿಯ ದಾರಿ ಹಿಡಿಯಬೇಕಿತ್ತು. ನರಸಿಂಹತೀರ್ಥದಲ್ಲಿ ಮಿಂದು, ಆಂಜನೇಯನಿಗೆ ಕೈಮುಗಿದು ಮುಂದಕ್ಕೆ ಹೊರಡುವುದು ಪಶ್ಚಿಮದಿಂದ ಬಂದ ಯಾತ್ರಿಕರ ಪದ್ಧತಿ. ಆ ತೀರ್ಥದ ಪಕ್ಕದಲ್ಲೇ ಶ್ರೀಪಾದರಾಜರ ಬೃಂದಾವನವಿದೆ, ಊರಲ್ಲಿ ಹೈದರ್ ವಲಿ ದರ್ಗಾ ಇದೆ. ಉದ್ಯಮದ ಭಾಷೆಯಲ್ಲಿ ಇಂಥ ಊರು ‘ಟ್ರಾನ್ಸಿಟ್ ಪಾಯಿಂಟ್’. ಹಾಗೆ ಕರೆದ ಕೂಡಲೇ ಹೆದ್ದಾರಿ ಬದಿಯ ಪಾರ್ಕಿಂಗ್ ಮತ್ತು ಫುಡ್ ಕೋರ್ಟ್ ಅಭಿವೃದ್ಧಿಯೆನಿಸಿಕೊಳ್ಳುತ್ತವೆ. ನಡೆದು ಬರುವವನಿಗೆ ಬೇಕಾದ ನೆರಳು, ನೀರು, ಛತ್ರದ ಜಗಲಿ ಯೋಜನಾ ವರದಿಯಿಂದ ಬಿದ್ದುಹೋಗುತ್ತವೆ.

ಕುರುಡುಮಲೆಯನ್ನು ‘ಹಿಡನ್ ಜೆಮ್’ ಎನ್ನುವ ವಿಡಿಯೊಗಳಿಗೆ ಲೆಕ್ಕವಿಲ್ಲ. ಯಾರಿಂದ ಅಡಗಿತ್ತು? ಆಳೆತ್ತರ ಮೀರಿದ ಆ ಏಕಶಿಲಾ ಗಣಪನಿಗೆ ಪೂಜೆ ಮಾಡಿಸದೆ ಕೆಲಸ ಶುರುಮಾಡದ ಮನೆಗಳು ಈ ಸೀಮೆಯಲ್ಲಿ ಎಷ್ಟೋ ಇವೆ. 1999ರಲ್ಲಿ ಎಸ್.ಎಂ. ಕೃಷ್ಣ ಪಾಂಚಜನ್ಯ ಯಾತ್ರೆ ಹೊರಟದ್ದು ಇಲ್ಲಿಂದಲೇ. 2023ರ ಫೆಬ್ರವರಿಯಲ್ಲಿ ಡಿ.ಕೆ. ಶಿವಕುಮಾರ್ ಪ್ರಜಾಧ್ವನಿ ಯಾತ್ರೆಗೆ ಹೊರಟದ್ದೂ ಇಲ್ಲಿಂದ. ರಾಜ್ಯದ ರಾಜಕಾರಣಕ್ಕೇ ಗೊತ್ತಿರುವ ಜಾಗವನ್ನು ಹೊಸದಾಗಿ ಕಂಡುಹಿಡಿದಂತೆ ಹೇಳಿದರೆ ತಲೆಮಾರುಗಳಿಂದ ಬರುತ್ತಿರುವವರಿಗೆ ಅವಮಾನ.

ಅಂತರಗಂಗೆಯ ವಿಷಯ ನನಗೆ ಹೆಚ್ಚು ನೋವು ಕೊಡುತ್ತದೆ. ರಾತ್ರಿ ಬೆಂಗಳೂರಿನಿಂದ ಹೊರಟು, ಕತ್ತಲಲ್ಲಿ ಬಂಡೆಗಳ ನಡುವೆ ಹತ್ತಿ, ಸೂರ್ಯೋದಯ ನೋಡಿ ಇಳಿಯುವ ‘ನೈಟ್ ಟ್ರೆಕ್’ಗೆ ಈ ಬೆಟ್ಟ ‘ಅಡ್ವೆಂಚರ್ ಡೆಸ್ಟಿನೇಷನ್’. ಬಸವನ ಬಾಯಿಂದ ನೀರು ಬೀಳುವ ಕಲ್ಯಾಣಿ ಇರುವುದು ಕೆಳಗೆ. ಮೇಲೆ ತೇರಹಳ್ಳಿಯಂಥ ಊರುಗಳಿವೆ, ಹೊಲಗಳಿವೆ, ಬೆಳಿಗ್ಗೆ ಹಾಲು ಕರೆಯಬೇಕಾದವರಿದ್ದಾರೆ. ಇಡೀ ರಾತ್ರಿ ಇಲ್ಲೇ ಕಳೆದರೂ ಟ್ರೆಕ್ಕಿನವರು ‘ಒನ್ ಡೇ ಟ್ರಿಪ್’ನವರೇ, ಊರಿನವರಂತೂ ಲೆಕ್ಕಕ್ಕೇ ಇಲ್ಲ. ‘ಡೆಸ್ಟಿನೇಷನ್’ ಎಂದಾಗ ಆ ಜಾಗದಲ್ಲಿ ಬಾಳುವವರ ನಿದ್ದೆಯನ್ನು ಯಾರೂ ನೆನೆಯುವುದಿಲ್ಲ.

ಮಾಲೂರಿನ ಚಿಕ್ಕತಿರುಪತಿಗೆ ಶ್ರಾವಣ ಶನಿವಾರಗಳಲ್ಲಿ ಬರುವ ಜನಸಾಗರವೂ ಹೀಗೆಯೇ. ಮಗುವಿನ ಮುಡಿ ತೆಗೆಸಲು ಬೆಂಗಳೂರು ಹೊಸೂರುಗಳಿಂದ ಬಂದ ಕುಟುಂಬ ಹುಟ್ಟೂರಿನಲ್ಲಿರುವ ಅಕ್ಕನ ಮನೆಯಲ್ಲಿ ಉಳಿಯುತ್ತದೆ. ಹುಟ್ಟೂರಿಗೆ ಬಂದವರೆಂದು ವ್ಯಾಖ್ಯೆ ಅವರನ್ನು ಹೊರಗಿಡುತ್ತದೆ. ಶ್ರೀನಿವಾಸಪುರದ ಮಾವಿನ ಸುಗ್ಗಿಗೆ ವಾರಾಂತ್ಯದಲ್ಲಿ ಬಂದು ತೋಟದಲ್ಲಿ ಹಣ್ಣು ಕೀಳುವುದು ‘ಮ್ಯಾಂಗೋ ಟೂರಿಸಂ’. ಅದೇ ಸುಗ್ಗಿಗೆ ಮಂಡಿಯಲ್ಲಿ ವಾರಗಟ್ಟಲೆ ಉಳಿದು ಲೋಡು ತುಂಬುವ ಕೂಲಿಯವನು ಯಾವ ಪಟ್ಟಿಯಲ್ಲೂ ಇಲ್ಲ. ಕೂಲಿಗೆ ಬಂದವನನ್ನು ಪ್ರವಾಸಿ ಎನ್ನಬೇಕೆಂದಲ್ಲ ನನ್ನ ವಾದ. ಇಬ್ಬರಿಗೂ ಬೇಕಾದ ಶೌಚಾಲಯ ಒಂದೇ, ಅದನ್ನು ಎಷ್ಟು ಕಟ್ಟಬೇಕೆಂಬ ಲೆಕ್ಕದಲ್ಲಿ ಮಾತ್ರ ಒಬ್ಬನನ್ನು ಬಿಡುತ್ತೇವೆ.

ಹೋಟೆಲು ಬಂದರೆ ನಾಲ್ಕು ಜನಕ್ಕೆ ಕೆಲಸ ಸಿಗುತ್ತದೆ ಎನ್ನುವವರ ಮಾತಿನಲ್ಲಿ ಸತ್ಯವಿದೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಜಿಲ್ಲೆಗೆ, ಸಾವಿರಾರು ಯುವಕರು ದಿನಾ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ಜಿಲ್ಲೆಗೆ, ಉದ್ಯೋಗ ಸಣ್ಣ ವಿಷಯವಲ್ಲ. ಬರಲಿ, ಖಾಸಗಿಯವರು ಕಟ್ಟಲಿ. ಆದರೆ ಸರ್ಕಾರದ ದುಡ್ಡು ಮೊದಲು ಹೋಗಬೇಕಾದ್ದು ಈಗಾಗಲೇ ಬರುತ್ತಿರುವವರಿಗೆ. ಮುಂದಿನ ಶಿವರಾತ್ರಿಯೊಳಗೆ ಆವಣಿಯಲ್ಲಿ ದನಕ್ಕೆ ನೀರಿನ ತೊಟ್ಟಿಗಳು, ಹೆಂಗಸರಿಗೆ ಹಗಲೂ ರಾತ್ರಿ ತೆರೆದಿರುವ ಶೌಚಾಲಯ, ಬೆಟ್ಟದ ಮೆಟ್ಟಿಲಿಗೆ ದೀಪ, ಜಾತ್ರೆ ಮುಗಿಯುವವರೆಗೂ ಕೋಲಾರಕ್ಕೂ ಮುಳಬಾಗಿಲಿಗೂ ಸರಿರಾತ್ರಿಯ ಬಸ್ಸು, ಇಷ್ಟಾಗಲಿ. ಜೊತೆಗೆ ಗಾಡಿಗಳನ್ನೂ ಟಾರ್ಪಾಲುಗಳನ್ನೂ ಸುತ್ತಿ ಎಣಿಸಲು ಪ್ರವಾಸೋದ್ಯಮ ಇಲಾಖೆ ಇಬ್ಬರನ್ನು ಕಳಿಸಲಿ.