ಸತೀಶನನ್ನು ಯಾರೂ ಕೇಳಲ್ಲ

ಕೊಟ್ಟೂರಿಂದ ಹಗರಿಬೊಮ್ಮನಹಳ್ಳಿಗೆ ಹೋಗೋ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕರೆ ಅದೇ ನನ್ನ ಸ್ಟಡಿ ರೂಮು. ಮಗಳನ್ನು ಅವಳಜ್ಜಿಯ ಮಡಿಲಿಗೆ ಹಾಕಿ ಹೊರಟ ಆ ದಿನ ಕೈಲಿದ್ದದ್ದು ತ್ರಿವೇಣಿಯವರ ‘ಶರಪಂಜರ’. ಮಧ್ಯಾಹ್ನ ಬಿ.ಎ. ಕ್ಲಾಸಿನಲ್ಲಿ ಅದರ ಬಗ್ಗೆ ಮಾತಾಡಬೇಕಿತ್ತು.

ಕಾಲೇಜು ಹುಡುಗಿಯಾಗಿದ್ದಾಗ ಕಾವೇರಿಗಾಗಿ ಅತ್ತಿದ್ದೆ. ಹೆರಿಗೆಯಾದ ಮೇಲೆ ಮನಸ್ಸು ಕದಡಿದ ಹೆಣ್ಣು, ಪಾಪ, ಅಂತ. ತಾಯಿಯಾಗಿ ಓದಿದಾಗ ಸಿಟ್ಟು ಬಂತು. ಆಸ್ಪತ್ರೆ ಅವಳನ್ನು ಗುಣಮಾಡಿಯೇ ಕಳಿಸಿದೆ. ಮತ್ತೆ ಕಾಯಿಲೆಗೆ ತಳ್ಳುವುದು ಗಂಡ ಸತೀಶನ ಅಸಡ್ಡೆ, ಸುತ್ತಲಿನವರ ಅನುಮಾನದ ಕಣ್ಣು. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಇದನ್ನು ಭಾಷಣ ಬಿಗಿಯದೆ ಕಾಣಿಸುತ್ತಾರೆ.

ಆದರೂ ನನ್ನದೊಂದು ತಕರಾರಿದೆ. ಕಾವೇರಿಗೆ ಮನೆಯಾಚೆ ತನ್ನದು ಅನ್ನುವಂಥದ್ದು ಏನೂ ಇಲ್ಲ. ನನಗೆ ಪಾಠವಿದೆ, ಬರವಣಿಗೆಯಿದೆ. ಮಗಳಿಗೆ ಜ್ವರ ಬಂದ ರಾತ್ರಿಗಳಲ್ಲಿ ಅರ್ಧ ಬರೆದಿಟ್ಟ ಪುಟವೇ ನನ್ನನ್ನು ಹಿಡಿದು ನಿಲ್ಲಿಸಿದೆ. ತಮಗಿದ್ದ ಆ ಆಸರೆಯನ್ನು ತ್ರಿವೇಣಿ ಕಾವೇರಿಗೆ ಕೊಡಲಿಲ್ಲ. ಆದರೆ ಅವರ ಬದುಕು ನೆನೆದರೆ ತಕರಾರು ಮೆತ್ತಗಾಗುತ್ತದೆ. ಸುಮಾರು 20 ಕಾದಂಬರಿ ಬರೆದವರು 1963ರಲ್ಲಿ, ಮಗಳು ಹುಟ್ಟಿದ ಕೆಲವೇ ದಿನಕ್ಕೆ, ಬರೀ 34ನೇ ವಯಸ್ಸಿಗೆ ಹೋಗಿಬಿಟ್ಟರು.

ಕ್ಲಾಸಿನಲ್ಲಿ ಹಡಗಲಿ ಕಡೆಯ ಹುಡುಗಿಯೊಬ್ಬಳು ಕೇಳಿದಳು: “ಮೇಡಂ, ಕಾವೇರಿ ಮನಸ್ಸಿನ ಬಗ್ಗೆ ಎಲ್ಲಾರೂ ಮಾತಾಡ್ತಾರ. ಸತೀಶನ ಮನಸ್ಸು ಸರಿ ಐತೇನು ಅಂತ ಯಾಕ ಯಾರೂ ಕೇಳಲ್ಲ?”

ಮಗು, ಕಾಲೇಜು, ಬರವಣಿಗೆ ಎಲ್ಲಾ ಹೇಗೆ ಬ್ಯಾಲೆನ್ಸ್ ಮಾಡ್ತೀರಿ ಅಂತ ನನ್ನನ್ನು ಕೇಳದವರಿಲ್ಲ. ನನ್ನ ಗಂಡನನ್ನು ಈವರೆಗೆ ಒಬ್ಬರೂ ಕೇಳಿಲ್ಲ.