ಹುತ್ರಿದುರ್ಗದ ತುದಿಗೆ ಎಷ್ಟು ಹೊತ್ತು?

ಕುಣಿಗಲ್ ತಾಲ್ಲೂಕಿನ ಸಂತೇಪೇಟೆಯಲ್ಲಿ ನಿಂತು ಹುತ್ರಿದುರ್ಗದತ್ತ ತಲೆಯೆತ್ತಿದ ಚಾರಣಿಗರ ಮೊದಲ ಪ್ರಶ್ನೆ, ಹತ್ತಲು ಎಷ್ಟು ಹೊತ್ತು ಬೇಕು ಎಂಬುದು. ಮಾಗಡಿ ಕೆಂಪೇಗೌಡರ ಕೋಟೆಯಿರುವ ಈ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 1,130 ಮೀಟರ್ ಎತ್ತರದಲ್ಲಿದೆ. ಆದರೆ ಕಾಲಿಗೆ ಬೇಕಾದದ್ದು ಸಮುದ್ರಮಟ್ಟದ ಲೆಕ್ಕವಲ್ಲ, ಬುಡದಿಂದ ತುದಿಯವರೆಗಿನ ಲೆಕ್ಕ.

ಅದಕ್ಕೆ ಎಸ್ಸೆಸ್ಸೆಲ್ಸಿಯ ತ್ರಿಕೋನಮಿತಿ ಸಾಕು. ಕೋನಮಾಪಕದ ನಡುವಿಗೆ ದಾರ ಕಟ್ಟಿ, ದಾರದ ತುದಿಗೆ ಸಣ್ಣ ಕಲ್ಲು ತೂಗುಬಿಟ್ಟರೆ ಉಪಕರಣ ಸಿದ್ಧ. ಸಮತಟ್ಟಾದ ಬಯಲಿನ ಒಂದು ಕಡೆಯಿಂದ ತುದಿಯ ಉನ್ನತ ಕೋನ 20 ಡಿಗ್ರಿ ಎಂದಿಟ್ಟುಕೊಳ್ಳೋಣ. ನೇರವಾಗಿ ಬೆಟ್ಟದತ್ತ 300 ಮೀಟರ್ ನಡೆದು ನೋಡಿದಾಗ ಅದು 30 ಡಿಗ್ರಿ ಆಯಿತು. ಎರಡು ಕೋನಗಳ ಕೋಟ್ಯಾಂಜೆಂಟ್ 2.747 ಮತ್ತು 1.732, ವ್ಯತ್ಯಾಸ 1.015. ಅದರಿಂದ 300ನ್ನು ಭಾಗಿಸಿದರೆ ಎತ್ತರ ಸುಮಾರು 295 ಮೀಟರ್. ಬೆಟ್ಟವನ್ನು ಮುಟ್ಟದೆಯೇ ಸಿಕ್ಕಿದ ಅಳತೆಯಿದು!

ಕೈ ಮಾತ್ರ ನಡುಗಬಾರದು. ಮೊದಲ ಕೋನವನ್ನು 21 ಎಂದು ಓದಿದರೆ ಉತ್ತರ 340 ಮೀಟರ್ ದಾಟುತ್ತದೆ. ಪ್ರತಿ ಕೋನವನ್ನೂ ಹಲವು ಬಾರಿ ನೋಡಿ ಸರಾಸರಿ ತೆಗೆಯುವುದು, ಆಧಾರರೇಖೆಯನ್ನು ಸಾಧ್ಯವಾದಷ್ಟು ಉದ್ದವಾಗಿಡುವುದು ಒಳ್ಳೆಯದು.

ವಿಲಿಯಂ ಲ್ಯಾಂಬ್ಟನ್ ಪಾಲಿಗೆ ಇದೇ ಜೀವಮಾನದ ಕೆಲಸ. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಈ ಸೇನಾಧಿಕಾರಿ, ಮರುವರ್ಷ ಬೆಂಗಳೂರಿನ ಬಳಿ ಏಳು ಮೈಲಿಗೂ ಉದ್ದದ ಆಧಾರರೇಖೆಯನ್ನು ಸರಪಳಿಯಿಂದ ಅಳೆದರು. 1802ರಲ್ಲಿ ಮದರಾಸಿನಿಂದ ಮತ್ತೆ ಆರಂಭಿಸಿ, ಅರ್ಧ ಟನ್ ತೂಕದ ಥಿಯೊಡೊಲೈಟನ್ನು ಬೆಟ್ಟದಿಂದ ಬೆಟ್ಟಕ್ಕೆ ಹೊರಿಸಿ, ತ್ರಿಕೋನಗಳನ್ನು ಹೆಣೆಯುತ್ತ ಮಂಗಳೂರು ತಲುಪಿದರು. 400 ಮೈಲಿ ಎಂದುಕೊಂಡಿದ್ದ ಪರ್ಯಾಯ ದ್ವೀಪದ ಅಗಲ 360 ಮೈಲಿಗೆ ಇಳಿಯಿತು.

ಎತ್ತರ ತಿಳಿದ ಮೇಲೆ ಹೊತ್ತಿನ ಲೆಕ್ಕ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಐದು ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಮತ್ತೊಂದು ಗಂಟೆ. ದಾರಿ ಎರಡು ಕಿಲೋಮೀಟರ್ ಎಂದಿಟ್ಟುಕೊಂಡರೆ ಅದಕ್ಕೆ 24 ನಿಮಿಷ, 295 ಮೀಟರ್ ಏರಿಗೆ ಅರ್ಧ ಗಂಟೆ. ಒಟ್ಟು 54 ನಿಮಿಷ. ಕೋಟೆಯ ಬಾಗಿಲುಗಳನ್ನು ನೋಡುತ್ತ ನಿಲ್ಲುವ ಹೊತ್ತು ಇದರಲ್ಲಿ ಸೇರಿಲ್ಲ. ಬಿಸಿಲೂ ಸೇರಿಲ್ಲ, ಹಾಗಾಗಿ ಬೇಸಿಗೆಯಲ್ಲಿ ಇನ್ನಷ್ಟು ಸಮಯ ಇಟ್ಟುಕೊಳ್ಳಬೇಕು.

ಮುಂದಿನ ಭಾನುವಾರ ಅತ್ತ ಹೊರಡುವವರು ಮಕ್ಕಳ ಕಂಪಾಸ್ ಪೆಟ್ಟಿಗೆಯನ್ನೂ ಒಂದು ಉದ್ದದ ಟೇಪನ್ನೂ ಚೀಲಕ್ಕೆ ಹಾಕಿಕೊಳ್ಳಲಿ. ಅಳತೆಯನ್ನು ಮಕ್ಕಳ ಕೈಯಿಂದಲೇ ಮಾಡಿಸಿ, ಲೆಕ್ಕ ಹೇಳಿದ ಹೊತ್ತನ್ನೂ ಹತ್ತಲು ನಿಜವಾಗಿ ಹಿಡಿದ ಹೊತ್ತನ್ನೂ ಪಕ್ಕಪಕ್ಕದಲ್ಲಿ ಬರೆಸಿ ನೋಡಲಿ.