‘ಉಪಯುಕ್ತ ವಿದ್ಯೆ’ – ಯಾರಿಗೆ ಉಪಯುಕ್ತ?

ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಮಧ್ಯದಲ್ಲಿ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯವಿದೆ. ಅದು ತನ್ನನ್ನು ‘ಉಪಯುಕ್ತ ವಿದ್ಯೆಯ ತಾಣ’ ಎಂದು ಕರೆದುಕೊಳ್ಳುತ್ತದೆ. ಈ ಮಾತು ಎಷ್ಟು ಸರಿ ಎಂಬುದನ್ನು ಅದರ ಚರಿತ್ರೆಯಿಂದಲೇ ಪರಿಶೀಲಿಸೋಣ.

ಆ ಮಾತು ಜಾನ್ ಆಂಡರ್ಸನ್‌ನದು. ಆತ ಗ್ಲಾಸ್ಗೊ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕ. ನ್ಯೂಕಮನ್ ಉಗಿಯಂತ್ರದ ಮಾದರಿಯೊಂದನ್ನು ಜೇಮ್ಸ್ ವಾಟ್ ದುರಸ್ತಿ ಮಾಡಿದ ಸಂಗತಿ ನಿಮಗೆ ತಿಳಿದಿರಬಹುದು. ಆ ಮಾದರಿ ಆಂಡರ್ಸನ್‌ನ ತರಗತಿಗೆ ಸೇರಿದ್ದು. ಕುಶಲಕರ್ಮಿಗಳು ಕೆಲಸದ ಉಡುಪಿನಲ್ಲೇ ಬಂದು ಪ್ರಯೋಗಗಳನ್ನು ನೋಡಲು ಆತ ಅವಕಾಶ ಕೊಟ್ಟಿದ್ದ. 1796ರಲ್ಲಿ ಆತ ತೀರಿಕೊಂಡಾಗ, ಮಹಿಳೆಯರಿಗೂ ಪ್ರವೇಶವಿರುವ ಹೊಸ ಸಂಸ್ಥೆಯೊಂದನ್ನು ಸ್ಥಾಪಿಸಬೇಕೆಂದು ಉಯಿಲಿನಲ್ಲಿ ಬರೆದಿಟ್ಟಿದ್ದ. ಅದೇ ವರ್ಷ ಸಂಸ್ಥೆ ಆರಂಭವಾಯಿತು. 1800ರಲ್ಲಿ ಅಲ್ಲಿನ ಪ್ರಾಧ್ಯಾಪಕ ಜಾರ್ಜ್ ಬರ್ಕ್‌ಬೆಕ್ ಕುಶಲಕರ್ಮಿಗಳಿಗೆ ಉಚಿತ ಉಪನ್ಯಾಸಗಳನ್ನು ಕೊಡತೊಡಗಿದ. ನಾಲ್ಕನೆಯ ಉಪನ್ಯಾಸಕ್ಕೆ ಸುಮಾರು 500 ಮಂದಿ ಸೇರಿದ್ದರು.

ಹೀಗೆ ‘ಉಪಯುಕ್ತ’ ಎಂಬುದಕ್ಕೆ ಮೊದಲಿನಿಂದಲೂ ಎರಡು ಅರ್ಥಗಳಿದ್ದವು. ಕಲಿಸುವ ವಿಷಯ ಬದುಕಿಗೆ ಒದಗಬೇಕು. ಕಲಿಯುವ ಅವಕಾಶ ದುಡಿಯುವವರಿಗೂ ದಕ್ಕಬೇಕು.

ಮೊದಲನೆಯದರಲ್ಲಿ ಸಂಸ್ಥೆಯ ಸಾಧನೆ ದೊಡ್ಡದು. ಸಂಜೆ ತರಗತಿಗೆ ಬರುತ್ತಿದ್ದ ಜೇಮ್ಸ್ ಯಂಗ್, ಕಲ್ಲಿದ್ದಲಿನಿಂದ ಪ್ಯಾರಫಿನ್ ಪಡೆಯುವ ವಿಧಾನಕ್ಕೆ 1850ರಲ್ಲಿ ಪೇಟೆಂಟ್ ಪಡೆದ. ಟೆಲಿವಿಷನ್ ಪ್ರವರ್ತಕ ಜಾನ್ ಲೋಗಿ ಬೇರ್ಡ್ ಇಲ್ಲಿಯೇ ಓದಿದವ. ಹಲವು ಹೆಸರುಗಳನ್ನು ದಾಟಿ 1964ರಲ್ಲಿ ಇದು ಪೂರ್ಣ ವಿಶ್ವವಿದ್ಯಾಲಯವಾಯಿತು. ಸಂಶೋಧಕರನ್ನೂ ಉದ್ಯಮಗಳನ್ನೂ ಒಂದೇ ಸೂರಿನಡಿ ತರುವ ಕೇಂದ್ರವೊಂದು 2015ರಲ್ಲಿ ತೆರೆಯಿತು.

ಆದರೆ ಉದ್ಯಮದ ಬೇಡಿಕೆಯೇ ಉಪಯುಕ್ತತೆಯ ಅಳತೆಗೋಲಾಗಬಹುದೆ? ಥಾಮಸ್ ಗ್ರಹಾಮ್‌ನನ್ನು ನೋಡಿ. 1830ರಿಂದ 1837ರವರೆಗೆ ಆತ ಇಲ್ಲಿ ರಸಾಯನವಿಜ್ಞಾನದ ಪ್ರಾಧ್ಯಾಪಕ. ಅನಿಲವೊಂದರ ವಿಸರಣೆಯ ದರ ಅದರ ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮಾನುಪಾತದಲ್ಲಿರುತ್ತದೆ ಎಂದು ತೋರಿಸಿದ. ಇದು ಯಾವ ಕಾರ್ಖಾನೆಯ ಬೇಡಿಕೆಯೂ ಆಗಿರಲಿಲ್ಲ. ನೂರಕ್ಕೂ ಹೆಚ್ಚು ವರ್ಷಗಳ ನಂತರ, 1940ರ ದಶಕದಲ್ಲಿ, ಯುರೇನಿಯಮ್ ಐಸೊಟೋಪ್‌ಗಳನ್ನು ಬೇರ್ಪಡಿಸುವ ಬೃಹತ್ ಸ್ಥಾವರಗಳು ಈ ನಿಯಮವನ್ನೇ ಆಧರಿಸಿದವು. ಯಾವ ಜ್ಞಾನ ಎಂದು, ಯಾವುದಕ್ಕೆ ಒದಗುತ್ತದೆ ಎಂಬುದನ್ನು ಮುಂಚಿತವಾಗಿ ಹೇಳಲಾಗದು.

ಎರಡನೆಯ ಅರ್ಥವನ್ನು ಮರೆಯುವುದು ಇನ್ನೂ ಸುಲಭ. ಪೇಟೆಂಟುಗಳನ್ನೂ ಪಾಲುದಾರ ಕಂಪನಿಗಳನ್ನೂ ಎಣಿಸಬಹುದು. ಕೆಲಸ ಮುಗಿಸಿ ಬಂದ ಕುಶಲಕರ್ಮಿಯ ಅರಿವು ಎಷ್ಟು ಬೆಳೆಯಿತೆಂದು ಲೆಕ್ಕವಿಡುವುದು ಕಷ್ಟ. ಆದರೂ ‘ಉಪಯುಕ್ತ ವಿದ್ಯೆ’ಯ ಹೆಸರು ಹೇಳುವ ಯಾವುದೇ ವಿಶ್ವವಿದ್ಯಾಲಯವನ್ನು ನೀವು ಅಳೆಯುವಾಗ, ಅಲ್ಲಿನ ತರಗತಿಗಳಲ್ಲಿ ಯಾರು ಕುಳಿತಿದ್ದಾರೆ ಎಂಬುದನ್ನೂ ಗಮನಿಸಿ. ಆಂಡರ್ಸನ್‌ನ ಉಯಿಲಿಗೆ ಅದೂ ಅಷ್ಟೇ ಮುಖ್ಯವಾಗಿತ್ತು.